ಉಳಿದ ಒಂದು ಗಾಳಿ ಪೈಪು

ಆ ವರ್ಷದ ಡೈರಿಯ ಒಂದು ಮಂಗಳವಾರದ ಪುಟದಲ್ಲಿ ನಾನು ಹೀಗೆ ಬರೆದುಕೊಂಡಿದ್ದೇನೆ: ‘ತೆಗೆದದ್ದು: ಪಂಪು ಎರಡು, ಟ್ಯಾಂಕು ಎರಡು, ಗಾಳಿ ಪೈಪು ಎರಡು. ನಿಂತಿರುವುದು: ಗಾಳಿ ಪೈಪು ಒಂದು.’

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಅದು. ಯಶವಂತಪುರದ ಒಬ್ಬ ವಕೀಲರ ಆಫೀಸಿನಲ್ಲಿ ನಾನು ಟೈಪಿಸ್ಟ್. ತುಮಕೂರು ರಸ್ತೆಯಲ್ಲಿ ಮುಚ್ಚಿಹೋಗಿದ್ದ ಪೆಟ್ರೋಲ್ ಬಂಕಿನ ಜಾಗವನ್ನು ನಮ್ಮ ಕಕ್ಷಿದಾರರೊಬ್ಬರು ಕೊಳ್ಳುವುದಿತ್ತು. ಆರ್.ಟಿ. ನಗರದ ಸಾಹೇಬರು ಅವರು. ಇದ್ದ ಮೂರು ಲಾರಿಗಳಲ್ಲಿ ಎರಡನ್ನು ಮಾರಿ, ಅಲ್ಲಿ ವೆಲ್ಡಿಂಗ್ ಶೆಡ್ ಹಾಕಲು ಹೊರಟಿದ್ದರು. ಶುಕ್ರವಾರ ನೋಂದಣಿ. ಅದಕ್ಕೆ ಮೊದಲು ಜಾಗದಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿಕೊಂಡು ಬಾ ಎಂದು ವಕೀಲರು ನನ್ನನ್ನು ಕಳಿಸಿದರು. ಎಣಿಸುವ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಎಣ್ಣೆ ಕಂಪನಿ ತನ್ನದನ್ನೆಲ್ಲ ಅಗೆದು ಸಾಗಿಸಿ, ಗುಂಡಿ ಮುಚ್ಚಿ, ಪತ್ರ ಕೊಟ್ಟು ಹೋಗಿತ್ತು. ಪತ್ರದ ಪ್ರಕಾರ, ನೆಲದಡಿಯ ಟ್ಯಾಂಕಿನ ಆವಿ ಹೊರಹೋಗಲು ಟ್ಯಾಂಕಿಗೊಂದರಂತೆ ಎರಡು ಗಾಳಿ ಪೈಪು ಇದ್ದವು, ಎರಡೂ ಹೋಗಿದ್ದವು. ಆದರೆ ಹಿಂದಿನ ಗೋಡೆಗೆ ಒರಗಿಕೊಂಡು ಇನ್ನೊಂದು ನಿಂತಿತ್ತು. ಎರಡಾಳೆತ್ತರ, ತುಕ್ಕು ಹಿಡಿದದ್ದು.

ಜಾಗದ ಮಾಲೀಕರು ನನ್ನ ಪಟ್ಟಿಯನ್ನು ನೋಡಿ ನಕ್ಕರು. "ಅದು ಬಾವುಟದ ಕಂಬ ಕಣಮ್ಮಾ. ನಮ್ಮಪ್ಪನ ಕಾಲದಿಂದ ಆಗಸ್ಟ್ ಹದಿನೈದಕ್ಕೆ ಕಟ್ತೀವಿ."

"ಬಾವುಟದ ಕಂಬದ ತುದಿಗೆ ಜಾಲರಿ ಯಾಕೆ ಸಾರ್?"

ಗುಬ್ಬಿ ಗೂಡು ಕಟ್ಟದೆ ಇರಲಿ ಅಂತ ಎಂದರು. ಜಾಗ ನೋಡಲು ಜೊತೆಗೆ ಬಂದಿದ್ದ ಸಾಹೇಬರಿಗೆ ನನ್ನ ಮೇಲೇ ಸಿಟ್ಟು ಬಂತು. ಒಂದು ಪೈಪಿನ ಲೆಕ್ಕಕ್ಕೆ ಶುಕ್ರವಾರ ತಪ್ಪಿದರೆ ಜಾಗ ಬೇರೆಯವರ ಪಾಲಾಗುತ್ತದೆ, ಲಾರಿಗಳಂತೂ ಆಗಲೇ ಹೋಗಿವೆ ಎಂದು ಗೊಣಗಿದರು. ಆದರೂ ಉಳಿದಿದ್ದ ಲಾರಿಯನ್ನು ಗೋಡೆಯ ಪಕ್ಕಕ್ಕೆ ತಂದು, ಅದರ ತಲೆಯ ಮೇಲೆ ಹತ್ತಿ, ಜಾಲರಿಗೆ ಮೂಗಿಟ್ಟರು. ತುಟಿಯಲ್ಲಿ ಇನ್ನೂ ಹಚ್ಚದ ಬೀಡಿಯಿತ್ತು. ಅದನ್ನು ಮೆಲ್ಲಗೆ ತೆಗೆದು ಜೇಬಿಗೆ ಹಾಕಿಕೊಂಡರು. ಇಳಿದು ಬಂದು, ತಮ್ಮ ಶೆಡ್ಡಿಗೆ ಸುಣ್ಣದಲ್ಲಿ ಎಳೆಸಿದ್ದ ಗೆರೆಯ ಒಳಗಿನಿಂದ ಆಚೆ ಹೋಗಿ ನಿಂತರು.

"ಕೆಳಗೆ ಪೆಟ್ರೋಲ್ ಐತೆ ಬೇಟಿ," ಎಂದರು. ಅಷ್ಟೇ.

ಸಂಜೆ ಆಫೀಸಿನಲ್ಲಿ ಮಾಲೀಕರು ಬೇರೆ ರಾಗ ತೆಗೆದರು. ಕಂಪನಿ ಬರುವ ಮುಂಚೆ ತಂದೆಯವರು ಸ್ವಂತಕ್ಕೆ ಹೂಳಿಸಿದ್ದ ಟ್ಯಾಂಕು ಅದು, ಮುಚ್ಚಳದ ಮೇಲೆ ಕಾಂಕ್ರೀಟು ಬಿದ್ದಿದೆ, ತಮಗೂ ಅದಕ್ಕೂ ಸಂಬಂಧವಿಲ್ಲ, ಕೊಂಡವರು ಬೇಕಾದರೆ ತೆಗೆಸಿಕೊಳ್ಳಲಿ ಎಂದರು. ವಕೀಲರು ಕನ್ನಡಕ ಒರೆಸುತ್ತ ಕೇಳಿದರು.

"ಅಪ್ಪನ ಜಾಗ ನಿಮ್ದು. ಅಪ್ಪನ ಟ್ಯಾಂಕ್ ಯಾರ್ದು?"

ಮಾಲೀಕರು ಕ್ರಯಪತ್ರದ ಕರಡನ್ನು ನನ್ನ ಕಡೆ ತಳ್ಳಿದರು. ಬರ್ಕೊಳ್ಳಿ ಎಂದರು.

ಕರಡಿನಲ್ಲಿ ಮಾರುವವರ ಹೊಣೆಯ ಸಾಲಿನಲ್ಲಿ ‘ನೆಲದ ಮೇಲಿರುವ ಸಕಲವೂ’ ಎಂದಿದ್ದ ಕಡೆ ‘ನೆಲದ ಮೇಲೂ ಒಳಗೂ ಇರುವ’ ಎಂದು ಟೈಪ್ ಮಾಡಿದೆ. ಹಳೆಯ ಟ್ಯಾಂಕನ್ನು ಮಾರುವವರೇ ಖಾಲಿ ಮಾಡಿಸಿ, ತೊಳೆಸಿ, ಹೊರತೆಗೆಸಬೇಕು, ನೋಂದಣಿ ಆಮೇಲೆ. ಜಾಗವನ್ನು ಅಲ್ಲಿಯವರೆಗೆ ಬೇರೆಯವರಿಗೆ ಕೊಡುವಂತಿಲ್ಲ ಎಂಬ ಸಾಲನ್ನು ಸೇರಿಸಲು ಹೇಳಿದವಳು ನಾನೇ. ಸಾಹೇಬರ ಶುಕ್ರವಾರ ಹೋಯಿತು, ಜಾಗ ಉಳಿಯಿತು.

ಇಪ್ಪತ್ತಮೂರು ದಿನ ಹಿಡಿಯಿತು. ನೀರು ತುಂಬಿಸಿ ಆವಿ ಹೊರಡಿಸಿ, ಸುತ್ತ ಕೈಯಲ್ಲೇ ಅಗೆದು, ಟ್ಯಾಂಕನ್ನು ಸರಪಳಿ ಹಾಕಿ ಎತ್ತಿದರು. ಸುಣ್ಣದ ಗೆರೆಯ ನಟ್ಟನಡುವೆ ಇತ್ತು ಅದು. ಸಾಹೇಬರು ಗುಂಡಿಯ ಅಂಚಿನಲ್ಲಿ ನಿಂತು ನೋಡಿದರು. ಶೆಡ್ಡಿನ ಬಾಗಿಲು ತೆರೆದ ದಿನ, ಮೊದಲ ಕಿಡಿ ಹಾರುವ ಮುಂಚೆ, ನನ್ನನ್ನು ಕರೆಸಿ ಇನ್ನೊಮ್ಮೆ ಎಣಿಸು ಎಂದರು. ಗೋಡೆ ಸುತ್ತಿ ಬಂದು ಹೇಳಿದೆ: ಗಾಳಿ ಪೈಪು, ಒಂದೂ ಇಲ್ಲ.