ದುಂಡು ವಾಚಿನೊಳಗಿನ ‘ಬರ್ತೇನೆ’

ಕೈಗಡಿಯಾರದ ಪರದೆ ದುಂಡಗಿರಬೇಕೋ ಆಯತಾಕಾರವಾಗಿರಬೇಕೋ ಎಂಬುದು ಲೋಕದ ಜ್ವಲಂತ ಸಮಸ್ಯೆಯೇನಲ್ಲ ಎಂದು ನೀವು ಹೇಳಿದರೆ ನಾನು ತಕರಾರಿಲ್ಲದೆ ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಎದ್ದರೆ ಮಾತಾಡಲು ಎದುರಿಗೆ ಗೋಡೆಯಷ್ಟೇ ಇರುವವನಿಗೆ ಸಮಸ್ಯೆಯ ಗಾತ್ರ ಮುಖ್ಯವಲ್ಲ, ಅದನ್ನು ಚರ್ಚಿಸಲು ಇನ್ನೊಂದು ಜೀವ ಉಂಟೋ ಇಲ್ಲವೋ ಎಂಬುದು ಮುಖ್ಯ. ನನಗೆ ಅಂಥವರೊಬ್ಬರಿದ್ದರು.

ಮೂಡುಬಿದಿರೆಯ ಶಾಲೆಯೊಂದರಲ್ಲಿ ನಾನು ಡ್ರಾಯಿಂಗ್ ಮಾಸ್ಟ್ರು, ಅವರು ಗಣಿತದ ಶೆಟ್ರು. ನಾನು ಮದುವೆಯ ಗೊಡವೆಗೇ ಹೋಗದವನು, ಅವರು ಹೆಂಡತಿಯನ್ನು ಕಳೆದುಕೊಂಡವರು. ನಿವೃತ್ತಿಯಾದ ಮೇಲೆ ಶೆಟ್ರು ತಮ್ಮ ಹಳ್ಳಿ ಕಕ್ಕಿಂಜೆಗೆ ಹೋದರು, ನಾನು ಇಲ್ಲಿಯೇ ಬಾಡಿಗೆ ಮನೆಯಲ್ಲಿ ಉಳಿದೆ. ಪ್ರತಿ ಆದಿತ್ಯವಾರ ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಹತ್ತು ಗಂಟೆಗೆ ಸರಿಯಾಗಿ ನನ್ನ ಮನೆ ತಲುಪಿ, ನೀರುದೋಸೆ ತಿಂದು, ಸಂಜೆಯವರೆಗೆ ನನ್ನೊಡನೆ ಜಗಳವಾಡಿ ಹಿಂದಿರುಗುವುದು ಅವರ ವ್ರತವಾಗಿತ್ತು.

ಎರಡು ವರ್ಷದ ಹಿಂದೆ ಬಂಟ್ವಾಳದಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನ ಅಂಗಡಿಯಲ್ಲಿ ಇಬ್ಬರೂ ಒಂದೊಂದು ಸ್ಮಾರ್ಟ್‌ವಾಚು ಕೊಂಡೆವು. ನನ್ನದು ದುಂಡಗಿನದು, ನಿವೃತ್ತನಿಗೆ ವೃತ್ತದ ಮೇಲೆ ಮೋಹ ಹುಟ್ಟುವುದರಲ್ಲಿ ವ್ಯಾಕರಣದೋಷವೇನೂ ಇಲ್ಲವಷ್ಟೆ. ಮಾತಿಗೊಮ್ಮೆ ‘ಆಯ್ತಾ’ ಎನ್ನುವ ಶೆಟ್ರು ಆಯತವನ್ನೇ ಆರಿಸಿಕೊಂಡರು. “ಅಕ್ಷರ ಸಾಲಿನಲ್ಲಿ ನಿಲ್ಲುವಂಥದ್ದು ಮಾರಾಯ್ರೆ, ನಿಮ್ಮ ವಾಚಿನಲ್ಲಿ ಸಾಲಿಗೆ ತಲೆ ಉಂಟಾ, ಬಾಲ ಉಂಟಾ?” ಎಂಬುದು ಅವರ ಪೂರ್ವಪಕ್ಷ; ಕನ್ನಡದ ಅಕ್ಷರಗಳೇ ದುಂಡಗಿರುವಾಗ ಅವನ್ನು ತೋರಿಸುವ ಗಾಜೂ ದುಂಡಗಿದ್ದರೆ ಏನು ಗಂಟು ಹೋಯಿತು ಎಂಬುದು ನನ್ನ ಸಿದ್ಧಾಂತ. ನಿಜ ಹೇಳಬೇಕೆಂದರೆ ಅವರ ವಾದವೇ ಸರಿ. ನನ್ನ ವಾಚು ಸಂದೇಶದ ನಟ್ಟನಡುವಿನ ಮಾತನ್ನಷ್ಟೇ ತೋರಿಸಿ ಸುತ್ತಲಿನದನ್ನು ನುಂಗುತ್ತಿತ್ತು. ಆದರೆ ಹಾಗೆಂದು ಒಪ್ಪಿಬಿಟ್ಟರೆ ಮುಂದಿನ ವಾರಕ್ಕೆ ಜಗಳ ಎಲ್ಲಿಂದ ತರುವುದು?

ಮೊನ್ನೆ ಮೊನ್ನೆ ಶೆಟ್ರು ಸಾಲಾಗಿ ಎರಡು ಆದಿತ್ಯವಾರ ತಪ್ಪಿಸಿದರು. ಮಸ್ಕತ್ತಿನಿಂದ ಮಗಳು ಬಂದಿದ್ದಾಳೆ ಎಂದರು. ಬಾಯಿಯಲ್ಲಿ ‘ಒಳ್ಳೇದಾಯ್ತು’ ಎಂದೆನಾದರೂ ಒಳಗೊಳಗೇ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚು. ಮೂರನೆಯ ಶನಿವಾರ ಸಂಜೆ ಮಣಿಕಟ್ಟು ನಡುಗಿತು. ನೋಡಿದರೆ, ತುಂಡಾದ ಅಕ್ಷರಗಳ ನಡುವೆ ಸ್ಪಷ್ಟವಾಗಿ ಎರಡು ಸಾಲು: ‘ನಾಳೆ ಹತ್ತಕ್ಕೆ’, ಅದರ ಕೆಳಗೆ ‘ಬರ್ತೇನೆ ಆಯ್ತಾ’. ಫೋನು ಒಳಗೆ ಚಾರ್ಜಿಗಿತ್ತು, ತೆಗೆದು ಪೂರ್ತಿ ಓದಬಹುದಿತ್ತು. ಆದರೆ ಬೇಕಾದ ಮಾತು ಕೈಗೆ ಸಿಕ್ಕಿದ ಮೇಲೆ ಉಳಿದದ್ದನ್ನು ಯಾರು ಓದುತ್ತಾರೆ? ಹಾಡು ಗುನುಗುತ್ತಾ ಅಕ್ಕಿ ನೆನೆಹಾಕಿದೆ.

ಮರುದಿನ ಹತ್ತಾಯಿತು, ಹನ್ನೊಂದಾಯಿತು. ಫೋನನ್ನು ಚಾರ್ಜಿನಲ್ಲೇ ಮರೆತು ಬಸ್‌ಸ್ಟ್ಯಾಂಡಿಗೆ ಹೋಗಿ ಬೆಳ್ತಂಗಡಿಯ ಕಡೆಯಿಂದ ಬಂದ ಬಸ್ಸುಗಳ ಬಾಗಿಲಲ್ಲೆಲ್ಲ ಇಣುಕಿದೆ. ಮೂರನೆಯ ಬಸ್ಸಿನ ಕಂಡಕ್ಟರು ಗುರುತು ಹಿಡಿದು, “ಯಾರನ್ನು ನೋಡ್ತೀರಿ ಮಾಸ್ಟ್ರೆ, ಶೆಟ್ರನ್ನಾ? ಬೆಳ್ತಂಗಡಿಯಲ್ಲಿ ಕಂಡೆ, ಅವರು ಬೆಳಿಗ್ಗೆ ಪೆಟ್ಟಿಗೆಗಿಟ್ಟಿಗೆ ಹಾಕಿಕೊಂಡು ಮಗಳ ಜೊತೆ ಕಾರಿನಲ್ಲಿ ಹೋದರಲ್ಲ! ನಿಮಗೆ ಹೇಳ್ಲಿಲ್ವಾ?” ಎಂದ.

ಹೇಳಿದ್ದರು. ಮನೆಗೆ ಬಂದು ಫೋನು ತೆಗೆದಾಗ ಎಲ್ಲವೂ ಇತ್ತು. “ಮಾಸ್ಟ್ರೆ, ಮಗಳು ಬಿಡುವುದಿಲ್ಲ, ಇನ್ನು ನನ್ನ ವಾಸ ಅಲ್ಲಿಯೇ. ನಾಳೆ ಹತ್ತಕ್ಕೆ ವಿಮಾನ. ಬರ್ತೇನೆ ಆಯ್ತಾ. ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ಇವತ್ತು ಒಮ್ಮೆ ಫೋನ್ ಮಾಡಿ, ಕಾಯ್ತೇನೆ.”

ನಮ್ಮ ಕಡೆ ಹೊಸ್ತಿಲು ದಾಟುವವರು ‘ಹೋಗ್ತೇನೆ’ ಎನ್ನುವುದಿಲ್ಲ, ಅದು ಅಪಶಕುನ. ತುಳುವಿನಲ್ಲಾದರೆ ‘ಬರ್ಪೆ’, ಕನ್ನಡದಲ್ಲಾದರೆ ‘ಬರ್ತೇನೆ’. ಹುಟ್ಟಿದಾರಭ್ಯ ಇದನ್ನು ಕೇಳಿಕೊಂಡೇ ಬೆಳೆದ ನಾನು, ಹೊರಟು ನಿಂತವರ ಮಾತನ್ನು ಬರುವವರ ಮಾತೆಂದು ಓದಿದೆ. ವಾಚು ನುಂಗಿದ್ದು ‘ವಿಮಾನ’ವೊಂದನ್ನು, ಉಳಿದದ್ದೆಲ್ಲ ನನ್ನ ಆಸೆಯ ಕಿತಾಪತಿ. ಶೆಟ್ರು ಆ ಸಂಜೆಯಿಡೀ ಫೋನು ಹಿಡಿದು ಕೂತಿದ್ದರಲ್ಲ, ನಾನು ಅಕ್ಕಿ ತೊಳೆಯುತ್ತಿದ್ದೆನಲ್ಲ ಎಂದು ನೆನೆದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತುಬಿಟ್ಟೆ.

ಕರೆ ಮಾಡಿದರೆ ಫೋನು ಸ್ವಿಚ್ ಆಫ್. ‘ಬರ್ತೇನೆ’ ಎಂದವರಿಗೆ ‘ಬನ್ನಿ’ ಎನ್ನುವುದು ನಮ್ಮಲ್ಲಿ ರೂಢಿ, ಸುಖವಾಗಿ ಹೋಗಿ ಎಂಬುದೇ ಅದರ ಅರ್ಥ. ಅದೊಂದೇ ಪದವನ್ನು ಬರೆದು ಕಳುಹಿಸಿದೆ. ಸಂಜೆ ಅವರು ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಬೀಳ್ಕೊಡುವ ಮಾತಿಗೆ ಉತ್ತರವೇನು ಎಂದುಕೊಂಡಿರಬೇಕು.

ನಾನು ನಿಜಕ್ಕೂ ಕರೆದದ್ದು, ಮಾರಾಯ್ರೆ.