ಬರಿದಾಗಿ ಕೊಡಲಾರದ ಪಾತ್ರೆ

ಬೇರೆಯವರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು ಎಂಬುದು ನಮ್ಮ ಮೈಸೂರಿನ ಮನೆಯ ಕಟ್ಟುನಿಟ್ಟು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಈ ಒಳ್ಳೆಯ ಪದ್ಧತಿಯ ದೆಸೆಯಿಂದ ನಾನು ಹನ್ನೆರಡು ವರ್ಷ ಕಳ್ಳಿಯಾಗಿ ಬದುಕಿದೆ.

ಜರ್ಮನಿಯ ಆಖೆನ್‌ನಲ್ಲಿ ಓದುತ್ತಿದ್ದಾಗ ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕಿಟಕಿ ತೆರೆದಿಡು, ಭಾನುವಾರ ಸದ್ದು ಮಾಡಬೇಡ ಎಂದು ದಿನವೂ ಏನಾದರೊಂದು ತಕರಾರು. ಅಂಥವರು, ನನಗೆ ಜ್ವರ ಬಂದಾಗ ನಾಲ್ಕು ದಿನ ಆಲೂಗಡ್ಡೆ ಸೂಪು ಮಾಡಿ ಮೇಲಕ್ಕೆ ಹೊತ್ತು ತಂದರು. ಕೊನೆಯ ದಿನ ಅವರ ನೀಲಿ ಅಂಚಿನ ಎನಾಮಲ್ ಪಾತ್ರೆ ನನ್ನಲ್ಲೇ ಉಳಿಯಿತು. ಅದು ಅವರ ತಾಯಿಯದು. ಅಂಥ ಉಪಕಾರಕ್ಕೆ ಒಂದು ಚಮಚ ಸಕ್ಕರೆಯೇ? ರವೆ ಉಂಡೆ ತುಂಬಿ ಕೊಡೋಣ ಎಂದುಕೊಂಡೆ. ಒಮ್ಮೆ ರವೆ ಸೀದಿತು, ಇನ್ನೊಮ್ಮೆ ಉಂಡೆ ಕಟ್ಟಲೇ ಬರಲಿಲ್ಲ. ಅಷ್ಟರಲ್ಲಿ ಪರೀಕ್ಷೆ, ಅದರ ಬೆನ್ನಿಗೇ ನೆದರ್ಲ್ಯಾಂಡ್ಸ್‌ನಲ್ಲಿ ಕೆಲಸ. ನಾನು ಮನೆ ಬಿಡುವ ವಾರ ಅವರು ತಂಗಿಯ ಊರಿಗೆ ಹೋಗಿದ್ದರು. ಭಾನುವಾರ ಬಂದು ಬೀಳ್ಕೊಡುತ್ತೇನೆ ಎಂದಿದ್ದರು. ಬರಿಪಾತ್ರೆ ಹಿಡಿದು ಎದುರು ನಿಲ್ಲಲಾರದೆ ನಾನು ಶನಿವಾರವೇ ಬೀಗದ ಕೈಯನ್ನು ಅಂಚೆ ಡಬ್ಬಿಗೆ ಹಾಕಿ ಹೊರಟೆ. ಮುಂದಿನ ತಿಂಗಳು ತುಂಬಿ ತಂದರಾಯಿತು ಎಂದು ಪಾತ್ರೆಯನ್ನು ಸೂಟ್‌ಕೇಸಿಗೆ ಸೇರಿಸಿದೆ.

ಈಗ ನಾನಿರುವ ಟಿಲ್‌ಬರ್ಗ್‌ನಿಂದ ಆಖೆನ್‌ಗೆ ರೈಲಿನಲ್ಲಿ ಅರ್ಧ ದಿನವೂ ಬೇಡ. ಹೋಗಲಿಲ್ಲ. ಮೊದಲು ಸೋಮಾರಿತನ, ಆಮೇಲೆ ನಾಚಿಕೆ. ಒಂದು ಕಾಗದವನ್ನಾದರೂ ಬರೆಯಬಹುದಿತ್ತು, ಅದನ್ನೂ ಮಾಡಲಿಲ್ಲ. ಕಳೆದ ತಿಂಗಳು ಅಡುಗೆಮನೆಯ ಕಪಾಟು ಒರೆಸುವಾಗ ಪಾತ್ರೆ ಕೈಗೆ ಬಂತು. ಅವರಿಗೆ ಎಂಬತ್ತೈದಾದರೂ ಆಗಿರಬೇಕು ಎಂದು ಆಗ ಹೊಳೆಯಿತು. ಇನ್ನೂ ತಡಮಾಡಿದರೆ ನನ್ನನ್ನು ಕಳ್ಳಿ ಎಂದುಕೊಂಡೇ ಅವರು ಹೋಗಿಬಿಡುತ್ತಾರೆ. ಆಗಲೇ ಹೋಗಿದ್ದರೆ?

ರವೆ ಉಂಡೆ ಕಟ್ಟಿ ಪಾತ್ರೆಗೆ ತುಂಬಿ, ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಹೊರಟೆ. ಹೀರ್ಲನ್‌ನಲ್ಲಿ ರೈಲು ಬದಲಿಸುವಾಗ ಅವಳು ಕೇಳಿದಳು, "ಅಮ್ಮ, ವಿಲ್ ಶಿ ಕಾಲ್ ದ ಪೊಲೀಸ್?"

"ಸುಮ್ನಿರೇ, ನಂಗೇ ಟೆನ್ಷನ್ ಆಗ್ತಿದೆ," ಎಂದೆ.

ನಾನು ಬ್ರೆಡ್ ಕೊಳ್ಳುತ್ತಿದ್ದ ಬೇಕರಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಕಲ್ಲುಹಾಸಿನ ಏರು ಓಣಿ ಹಾಗೇ ಇದೆ, ಏದುಸಿರು ಮಾತ್ರ ಹೊಸದು. ಯಾರನ್ನೂ ದಾರಿ ಕೇಳಬೇಕಾಗಲಿಲ್ಲ, ಕಾಲಿಗೇ ಗೊತ್ತಿತ್ತು. ಇಂಥ ಊರನ್ನು ಒಂದು ಪಾತ್ರೆಗೆ ಹೆದರಿ ಬಿಟ್ಟುಕೂತಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಕರೆಗಂಟೆಯ ಪಕ್ಕ ಅವರ ಹೆಸರು ಅದೇ ಗುಂಡು ಅಕ್ಷರದಲ್ಲಿತ್ತು. ಹೋದ ಜೀವ ಅರ್ಧ ವಾಪಸು ಬಂತು.

ಬಾಗಿಲು ತೆರೆದವರು ಅವರೇ. ಕುಗ್ಗಿದ್ದರು, ಕೈಯಲ್ಲಿ ಕೋಲಿತ್ತು. ದಾರಿಯುದ್ದಕ್ಕೂ ಉರುಹೊಡೆದಿದ್ದ ಕ್ಷಮಾಪಣೆ ಮರೆತೇಹೋಯಿತು. ಜರ್ಮನ್ ಜೊತೆ ಡಚ್ ಬೆರೆಸಿ, ಸಕ್ಕರೆಯ ಪದ್ಧತಿ, ಸೀದ ರವೆ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ.

ಅವರು ಪಾತ್ರೆಯನ್ನು ನೋಡಲೇ ಇಲ್ಲ. "ನಾನೇ ಏನೋ ಒರಟಾಗಿ ಅಂದುಬಿಟ್ಟೆ, ಅದಕ್ಕೇ ನೀನು ಒಂದು ದಿನವೂ ಕಾಯದೆ ಹೋಗಿಬಿಟ್ಟೆ ಅಂದುಕೊಂಡಿದ್ದೆ," ಎಂದರು. "ಏನಂದೆ ಅಂತ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ."

ಇಲ್ಲ, ಇಲ್ಲ ಎನ್ನುತ್ತ ನಾನು ಬಾಗಿಲಲ್ಲೇ ಅತ್ತುಬಿಟ್ಟೆ.

"ಹಾಗಾದರೆ ನನ್ನ ಮೇಲೆ ಕೋಪ ಇರಲಿಲ್ಲವಾ?" ಮತ್ತೆ ಕೇಳಿದರು. ಇರಲಿಲ್ಲ ಎಂದೆ. ಮೂರನೆಯ ಸಲವೂ ಕೇಳಿದಾಗ, ಅಷ್ಟಿಷ್ಟು ಅರ್ಥವಾಗಿದ್ದ ಮಗಳೇ ನನ್ನ ಪರವಾಗಿ ಇಲ್ಲವೆಂದು ತಲೆಯಾಡಿಸಿದಳು. ಅವರು ನಿಟ್ಟುಸಿರು ಬಿಟ್ಟು, ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈಯಲ್ಲಿ ನನ್ನ ಮುಖ ಹಿಡಿದುಕೊಂಡರು.