ಸ್ಕ್ಯಾನ್ ಹೇಳಿದ ಭವಿಷ್ಯ

ದೆಹಲಿಯ ಆಸ್ಪತ್ರೆಯೊಂದರಲ್ಲಿ ನಾನು ಎದೆಯ ಸ್ಕ್ಯಾನ್ ನೋಡುವ ವೈದ್ಯೆ. ಶ್ವಾಸಕೋಶ ಕಲೆಗಟ್ಟಿ ಬಿಗಿಯುವ ಕಾಯಿಲೆ ಎಷ್ಟು ಬೇಗ ಹೆಚ್ಚುತ್ತದೆಂದು ಈಗ ಕಂಪ್ಯೂಟರ್ ಅಂದಾಜು ಮಾಡುತ್ತದೆ. ಘಾಜಿಯಾಬಾದ್‌ನಿಂದ ಬಂದಿದ್ದ ಕನ್ನಡಿಗ ನಿವೃತ್ತ ಗುಮಾಸ್ತರೊಬ್ಬರು, ನಾನು ಕನ್ನಡದವಳೆಂದು ತಿಳಿದದ್ದೇ, "ಏನಂತಮ್ಮ ನಿಮ್ಮ ಕಂಪ್ಯೂಟರ್?" ಎಂದರು.

"ಅದು ಬರೀ ಅಂದಾಜು ಸರ್..."

"ಮೂವತ್ತು ವರ್ಷ ಫೈಲು ನೋಡಿದವನು ನಾನು. ಸುತ್ತಿಬಳಸಬೇಡಿ."

"ಬೇಗ ಹೆಚ್ಚಬಹುದು. ಎರಡು ವರ್ಷ ದಾಟುವುದು ಕಷ್ಟ," ಎಂದೆ.

ಅವರು ಏದುಸಿರು ಸುಧಾರಿಸಿಕೊಂಡರು. ಆಮೇಲೆ, "ನನ್ನ ತಮ್ಮ ಇಲ್ಲೇ ದೆಹಲಿ ಹತ್ತಿರದ ಮಾನೇಸರ್‌ನಲ್ಲಿದ್ದಾನೆ. ಮಾತು ಬಿಟ್ಟು ಹತ್ತು ವರ್ಷವಾಯ್ತು," ಎನ್ನುತ್ತಲೇ ಮೊಬೈಲ್ ತೆಗೆದರು. "ನಾನು ಕಣೋ. ಭಾನುವಾರ ಊಟಕ್ಕೆ ಬರ್ತೀನಿ."

ನಾನೂ ಅಕ್ಕನ ಜೊತೆ ಮಾತು ಬಿಟ್ಟಿದ್ದೇನೆ. ನನ್ನ ಶ್ವಾಸಕೋಶ ಚೆನ್ನಾಗಿದೆ ನೋಡಿ, ಹಾಗಾಗಿ ಮುಂದೂಡುತ್ತಲೇ ಇದ್ದೇನೆ.